ಖಾನೆ ಇಲ್ಲದ ಕೆಲಸಕ್ಕೆ ಲೆಕ್ಕವೂ ಇಲ್ಲ, ಕೂಲಿಯೂ ಇಲ್ಲ!



ಕಾಡಿನ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿದೆ. ದನ ಕಾಯಲು ಹೋದ ಹುಡುಗ ನೋಡಿ ಬಂದು ಮನೆಯಲ್ಲಿ ಹೇಳಿದ್ದಾನೆ. ಈಗ ಹೇಳಿ, ಇದು ಯಾವ ಇಲಾಖೆಯ ಸಾವು? ಬಿದ್ದದ್ದು ಕಾಡಿನಲ್ಲಿ, ಆದ್ದರಿಂದ ಅರಣ್ಯ ಇಲಾಖೆಯೇ? ಸತ್ತದ್ದು ಪ್ರಾಣಿ, ಆದ್ದರಿಂದ ಪಶು ಇಲಾಖೆಯೇ? ಜಾಗ ಊರಿನ ಗಡಿಯೊಳಗೆ, ಆದ್ದರಿಂದ ಗ್ರಾಮ ಪಂಚಾಯಿತಿಯೇ? ಅದರ ಮೈಯಿಂದ ಇಳಿದ ಉಣುಗು ನಾಳೆ ಸೊಪ್ಪು ತರಲು ಹೋದ ಹೆಂಗಸಿನ ಕಾಲಿಗೆ ಹತ್ತಬಹುದು, ಹಾಗಾದರೆ ಆರೋಗ್ಯ ಇಲಾಖೆಯೇ? ನಾಲ್ಕು ಇಲಾಖೆ, ನಾಲ್ಕು ವಹಿ, ನಾಲ್ಕು ಹೆಸರು. ಮಂಗ ಮಾತ್ರ ಒಂದೇ!

ಇದನ್ನು ಒಗಟು ಎಂದು ತಿಳಿಯಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಹೀಗೇ ಮಂಗಗಳು ಸತ್ತವು, ಹಿಂದೆಯೇ ಜನ ಜ್ವರ ಬಂದು ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನು ಹಿಡಿದರು, ಅದು ಹರಡುವುದು ಉಣುಗಿನಿಂದ ಎಂದು ತೋರಿಸಿದರು. ಲೋಕದ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಆ ಕಾಯಿಲೆಗೆ ನಮ್ಮ ಕ್ಯಾಸನೂರಿನ ಹೆಸರೇ ಇದೆ. ನಮ್ಮ ಮಳಗಿಯಿಂದ ಸೊರಬ ದೂರದ ದೇಶವೇನಲ್ಲ, ನಡುವೆ ಇರುವುದು ಶಿರಸಿ, ಬನವಾಸಿ. ನಮ್ಮದೇ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಜನ ಈ ಕಾಯಿಲೆಗೆ ಜೀವ ತೆತ್ತಿದ್ದಾರೆ. ಹಳೆಯ ಲಸಿಕೆಯಿಂದ ಸಾಕಷ್ಟು ಪ್ರಯೋಜನವಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದ ಮೇಲಂತೂ, ಮಂಗ ಸತ್ತ ಸುದ್ದಿ ಬೇಗ ಸರಿಯಾದ ಕಿವಿಗೆ ಬೀಳುವುದೇ ದೊಡ್ಡ ಔಷಧ.

ಆ ಒಂದು ಮಂಗನ ಹಿಂದೆ ಎಷ್ಟು ಬಗೆಯ ಕೆಲಸವಿದೆ ನೋಡಿ. ಸುದ್ದಿ ಕೊಡುವುದು. ಸತ್ತ ಜಾಗದ ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಹಾಕುವುದು. ಅಂಗಾಂಗದ ಮಾದರಿ ತೆಗೆದು ಕಳಿಸುವುದು, ಮಿಕ್ಕದ್ದನ್ನು ಸುಡುವುದು. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚುವುದು. ಮನೆಮನೆಗೆ ಹೋಗಿ ಜ್ವರ ಬಂದವರನ್ನು ಹುಡುಕುವುದು, ರಕ್ತ ತೆಗೆಯುವುದು. ಇಷ್ಟರಲ್ಲಿ ಯಾವುದು 'ಪರಿಸರ', ಯಾವುದು 'ರೋಗ ತಡೆ', ಯಾವುದು 'ಪ್ರಚಾರ', ಯಾವುದು 'ಚಿಕಿತ್ಸೆ'? ಒಂದು ವಹಿಯಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ ಬರೆದರೆ ಎರಡು ತಾಲ್ಲೂಕುಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ. ಎಲ್ಲಿ ಎಣ್ಣೆ ಹಂಚಿದರು, ಎಲ್ಲಿ ಹಂಚಲಿಲ್ಲ, ಎಲ್ಲಿ ಜನ ಉಳಿದರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಈ ಸಂಚಿಕೆಯ ಮಾತು ಇಷ್ಟು. ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿ ನಡೆಯುವ ಎಲ್ಲ ಕೆಲಸಗಳಿಗೂ ಒಂದೇ ಖಚಿತವಾದ ವರ್ಗೀಕರಣ ಬೇಕು, ಅದು ಕನ್ನಡದಲ್ಲಿ ಹುಟ್ಟಬೇಕು. ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಾಡಿಗೆ ಅಂಗಿ ತೊಟ್ಟು ಬರುವುದು ಬೇಡ.

'ಏನು ಸಂಪಾದಕರೇ, ನಾಮಫಲಕ ಬಿಟ್ಟಿರಿ, ಉದ್ಯೋಗ ಬಿಟ್ಟಿರಿ, ಗಡಿ ಬಿಟ್ಟಿರಿ, ಈಗ ರಿಜಿಸ್ಟರಿನ ಖಾನೆ ಹಿಡಿದಿರಾ?' ಎಂದು ಕೆಲವರು ನಗಬಹುದು. ನಗಲಿ. ಖಾನೆಯ ಮಹಿಮೆ ಅಚ್ಚುಕೂಟದವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ನಮ್ಮ ತಂದೆಯವರ ಕಾಲದ ಮುದ್ರಣಾಲಯದಲ್ಲಿ ನಾನು ಹುಡುಗನಾಗಿದ್ದಾಗ ಮೊಳೆ ಜೋಡಿಸಲು ಕಲಿತೆ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಒಂದೊಂದು ಖಾನೆ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದ ಅಕ್ಷರವೇ ಸಿಗಬೇಕು. ಒಂದು ದಿನ ಮೊಳೆ ತೊಳೆದು ವಾಪಸು ಹಾಕುವಾಗ ನಾನು 'ಳ'ಕಾರದ ಖಾನೆಗೆ 'ಲ'ಕಾರ ಸುರಿದೆ. ಮರುದಿನದ ಕರಪತ್ರದಲ್ಲಿ ನಮ್ಮ ಮಳಗಿ ಊರು 'ಮಲಗಿ' ಆಗಿತ್ತು. 'ಮಲಗಿ ಗ್ರಾಮಸ್ಥರೆಲ್ಲರೂ ತಪ್ಪದೆ ಬನ್ನಿ' ಎಂದು ಐನೂರು ಪ್ರತಿ! ತಂದೆಯವರು ಬೈದ ಬೈಗುಳ ಇಲ್ಲಿ ಅಚ್ಚಿಗೆ ಬರುವಂಥದ್ದಲ್ಲ. ತಪ್ಪು ನನ್ನದೇ, ಆದರೆ ಅಂದು ಕಲಿತದ್ದು ಇಂದಿಗೂ ಕೈಬಿಟ್ಟಿಲ್ಲ. ಖಾನೆ ತಪ್ಪಿದರೆ ಊರೇ ತಪ್ಪಿಹೋಗುತ್ತದೆ.

ಈಗ ಮೊಳೆ ಹೋಗಿ ಕಂಪ್ಯೂಟರ್ ಬಂದಿದೆ. ಆದರೆ ನನ್ನ ಮೇಜಿಗೆ ಬರುವ ಕೆಲಸದಲ್ಲಿ ಗೊಂದಲ ಹಾಗೇ ಇದೆ. ಲಸಿಕೆಯ ಕೆಲಸ ಒಂದೇ. ಒಂದು ಕರಪತ್ರದಲ್ಲಿ 'ಚುಚ್ಚುಮದ್ದು', ಇನ್ನೊಂದರಲ್ಲಿ 'ಲಸಿಕಾಕರಣ', ಮೂರನೆಯದರಲ್ಲಿ 'ರೋಗನಿರೋಧಕ ಕಾರ್ಯಕ್ರಮ', ನಾಲ್ಕನೆಯದರಲ್ಲಿ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದುಬಿಟ್ಟಿರುತ್ತಾರೆ. ಬಾಯಿಗೆ ಹಾಕುವ ಪೋಲಿಯೋ ಹನಿ 'ಚುಚ್ಚುಮದ್ದು' ಹೇಗಾದೀತು ಎಂದು ಕೇಳಿದರೆ ಉತ್ತರವಿಲ್ಲ. ರೋಗದ ಮೇಲೆ ಕಣ್ಣಿಡುವ ಕೆಲಸಕ್ಕೆ ಒಬ್ಬರು 'ಸರ್ವೇಕ್ಷಣೆ', ಒಬ್ಬರು 'ಕಣ್ಗಾವಲು', ಒಬ್ಬರು 'ಸಮೀಕ್ಷೆ' ಎನ್ನುತ್ತಾರೆ. ಒಮ್ಮೆ ಜನ ಇದ್ದಾರೆಯೇ ಎಂದು ಎಣಿಸಿ ಬರುವುದು ಸಮೀಕ್ಷೆ, ವರ್ಷವಿಡೀ ಜ್ವರ ಕಾಯುವುದು ಕಣ್ಗಾವಲು. ಎರಡೂ ಒಂದೇ ಕೆಲಸವೇ? ಒಬ್ಬ ಕಾರ್ಯಕರ್ತೆ ತಿದ್ದುಪಡಿಯ ಕರಡು ನೋಡಲು ಬಂದವರು ಕೇಳಿದರು: 'ಅಣ್ಣ, ಇವೆರಡೂ ಒಂದೇನಾ, ಬೇರೇನಾ? ಎರಡು ಕಡೆ ಬರೀಬೇಕಾ, ಒಂದು ಕಡೆ ಬರೀಬೇಕಾ?' ಅಚ್ಚು ಹಾಕುವವನು ಏನು ಹೇಳಲಿ? ಹೇಳಬೇಕಾದವರು ನಾವು ಕಳಿಸಿದ ಕರಡಿಗೆ ಸಹಿ ಹಾಕಿ ಕಳಿಸಿದ್ದರು.

ಹೆಸರು ತಪ್ಪಿದ್ದಕ್ಕೆ ನಮ್ಮ ಜಿಲ್ಲೆ ಹಿಂದೆಯೂ ಬೆಲೆ ಕೊಟ್ಟಿದೆ. ಬ್ರಿಟಿಷರ ಕಾಲದ ಮರಣದ ವಹಿಯಲ್ಲಿ ಇದ್ದ ಖಾನೆಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ-ಭೇದಿ, ಉಸಿರಿನ ಕಾಯಿಲೆ, ಗಾಯ, ಮತ್ತು 'ಇತರೆ'. ಊರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು 'ಜ್ವರ' ಎಂಬ ಒಂದೇ ಹಗೇವಿಗೆ ಬೀಳುತ್ತಿದ್ದರು. ಮಲೇರಿಯಾ, ವಿಷಮಶೀತ, ಬಾಣಂತಿ ಜ್ವರ ಎಲ್ಲವೂ ಅದರೊಳಗೆ. ಆದರೆ ನಮ್ಮ ಅಜ್ಜಿಯರ ಬಾಯಲ್ಲಿ ಒಂದು ಶಬ್ದವಿತ್ತು: ಜ್ವರಗಡ್ಡೆ. ಚಳಿಜ್ವರ ಬಂದು ಬಂದು ಮಗುವಿನ ಹೊಟ್ಟೆಯ ಎಡಗಡೆ ಗುಲ್ಮ ಊದಿಕೊಳ್ಳುವುದಕ್ಕೆ ಆ ಹೆಸರು. 1940ರ ದಶಕದಲ್ಲಿ ಮುಂಬಯಿ ಸರ್ಕಾರದ ಮಲೇರಿಯಾ ವಿಭಾಗದ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಗೋಡೆಗೆ ಡಿಡಿಟಿ ಹೊಡೆಸಿದರು. ಭಾರತದ ಹಳ್ಳಿಗಾಡಿನಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಅದು ನಡೆದ ಮೊದಮೊದಲ ಜಾಗಗಳಲ್ಲಿ ನಮ್ಮದೂ ಒಂದು. ಆ ಕಾಲದ ತಜ್ಞರು ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯುತ್ತಿದ್ದುದು ಹೇಗೆ ಗೊತ್ತೇ? ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳಿಗೆ ಗುಲ್ಮ ಊದಿದೆ ಎಂದು ಎಣಿಸಿ! ಜ್ವರಕ್ಕೂ ಗಡ್ಡೆಗೂ ಇರುವ ಸಂಬಂಧವನ್ನು ಕನ್ನಡ ಶಬ್ದ ಅದಾಗಲೇ ಗಂಟು ಹಾಕಿ ಇಟ್ಟಿತ್ತು. ಸರ್ಕಾರದ ವಹಿಯಲ್ಲಿ ಮಾತ್ರ ಅದಕ್ಕೆ ಖಾನೆ ಇರಲಿಲ್ಲ. (ಅದೇ ರಾಮಚಂದ್ರ ರಾಯರು ಮುಂದೆ ಪುಣೆಯ ವೈರಸ್ ಕೇಂದ್ರದ ನಿರ್ದೇಶಕರೂ ಆದರು, ಮಂಗನ ಕಾಯಿಲೆಯ ಮೇಲೂ ಕೆಲಸ ಮಾಡಿದರು.)

ಆಮೇಲೆ 1953ರಲ್ಲಿ ಮಲೇರಿಯಾ ಹತೋಟಿ ಯೋಜನೆ ಬಂತು, 1958ರಲ್ಲಿ ನಿರ್ಮೂಲನ ಯೋಜನೆ ಬಂತು. ಮಲೇರಿಯಾಕ್ಕೆ ಒಬ್ಬ, ಸಿಡುಬಿಗೆ ಒಬ್ಬ, ಕುಟುಂಬ ಯೋಜನೆಗೆ ಒಬ್ಬ ಎಂದು ಮನೆ ಬಾಗಿಲಿಗೆ ಬೇರೆಬೇರೆ ನೌಕರರು. ಗೋಡೆಯ ಮೇಲೆ ಅಚ್ಚು ಹೊಡೆದ ಚೌಕದಲ್ಲಿ ಬಂದು ಹೋದ ತಾರೀಖು ಬರೆಯುತ್ತಿದ್ದರು. 1973ರ ಕರ್ತಾರ್ ಸಿಂಗ್ ಸಮಿತಿ ಇವರನ್ನೆಲ್ಲ ಕೂಡಿಸಿ ಒಬ್ಬ ಪುರುಷ, ಒಬ್ಬ ಮಹಿಳಾ ಆರೋಗ್ಯ ಕಾರ್ಯಕರ್ತರಿರಲಿ ಎಂದಿತು. ಆಳು ಒಬ್ಬರಾದರು, ಸರಿ. ವಹಿಗಳು ಒಂದಾದವೇ? ಇಲ್ಲ! ಹತ್ತು ಯೋಜನೆಯ ಹತ್ತು ವಹಿಗಳು ಒಬ್ಬಳೇ ಹೆಣ್ಣುಮಗಳ ಚೀಲಕ್ಕೆ ಬಂದವು.

ಲೋಕದ ಕಡೆ ಸ್ವಲ್ಪ ನೋಡೋಣ. ಸಾವಿನ ಕಾರಣಗಳನ್ನು ಎಲ್ಲ ದೇಶಗಳೂ ಒಂದೇ ಪಟ್ಟಿಯಲ್ಲಿ ಬರೆಯಲಿ ಎಂದು ಫ್ರಾನ್ಸಿನ ಬರ್ಟಿಲಾನ್ ಎಂಬಾತ 1893ರಲ್ಲಿ ಷಿಕಾಗೋ ನಗರದಲ್ಲಿ ಪಟ್ಟಿ ಮುಂದಿಟ್ಟ. 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅರಬ್ಬಿ, ಚೀನಿ, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಓದುವವರು ಅದನ್ನು ತಮ್ಮ ನುಡಿಯಲ್ಲೇ ಓದುತ್ತಾರೆ. ಅದು ಕಾಯಿಲೆಗಳ ಪಟ್ಟಿ. ಕಾಯಿಲೆಯ ವಿರುದ್ಧ ಮಾಡುವ ಕೆಲಸಗಳಿಗೂ ಅದೇ ಸಂಸ್ಥೆ ಇನ್ನೊಂದು ಪಟ್ಟಿ ರೂಪಿಸಿದೆ. ಅದರಲ್ಲಿ ಶಸ್ತ್ರಚಿಕಿತ್ಸೆಯೂ ಇದೆ, ಊರಿಗೆಲ್ಲ ಮಾಡುವ ಸಾರ್ವಜನಿಕ ಆರೋಗ್ಯದ ಕೆಲಸವೂ ಇದೆ. ಪ್ರತಿ ಕೆಲಸವನ್ನೂ ಮೂರು ಪ್ರಶ್ನೆಗಳಿಂದ ಗುರುತಿಸುತ್ತಾರೆ: ಯಾವುದರ ಮೇಲೆ, ಏನು ಮಾಡಿದಿರಿ, ಯಾವುದರ ಮೂಲಕ.

ಇದನ್ನು ಓದಿದಾಗ ನನಗೆ ನಗು ಬಂತು. ಪಿಯುಸಿಗೆ ನಿಂತುಹೋದ ನನಗೂ ಇದು ಗೊತ್ತಿರುವ ವಿಷಯ! ನಮ್ಮ ಕನ್ನಡ ಮೇಷ್ಟ್ರು ಪ್ರೌಢಶಾಲೆಯಲ್ಲಿ ಕಲಿಸಿದ ವಿಭಕ್ತಿ ಪ್ರತ್ಯಯವೇ ಇದು. 'ಅನ್ನು' ಎಂದರೆ ಕರ್ಮ, 'ಇಂದ' ಎಂದರೆ ಕರಣ, ಕೊನೆಗೆ ಕ್ರಿಯಾಪದ. ಬಾವಿಯ ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಮಾಡಿದ್ದು. ಸೊಳ್ಳೆಯ ಮರಿಯನ್ನು ಗಪ್ಪಿ ಮೀನಿನಿಂದ ನಾಶಮಾಡಿದ್ದು. ಮಗುವನ್ನು ಲಸಿಕೆಯಿಂದ ಕಾಪಾಡಿದ್ದು. ಒಂದೊಂದು ವಾಕ್ಯಕ್ಕೆ ಒಂದೊಂದು ಅಂಕಿ ಕೊಟ್ಟರೆ ವರ್ಗೀಕರಣ ಮುಗಿಯಿತು. ಜಿನೀವಾದ ಪಂಡಿತರಿಗೆ ಮೂರು ಅಕ್ಷರೇಖೆ ಬೇಕಾದ ಕಡೆ ನಮ್ಮ ಅಂಗನವಾಡಿಯ ಅಕ್ಕನಿಗೆ ಒಂದು ಸರಿಯಾದ ಕನ್ನಡ ವಾಕ್ಯ ಸಾಕು. ಕನ್ನಡದಲ್ಲಿ ವಿಜ್ಞಾನ ಬರುವುದಿಲ್ಲ ಎನ್ನುವ ಮಹಾಶಯರು ಇದಕ್ಕೆ ಏನು ಹೇಳುತ್ತಾರೆ?

ಇನ್ನೂ ಒಂದು ಸುದ್ದಿ. 2024ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆ ಕಾಯಿಲೆಗಳ ಪಟ್ಟಿಗೆ ಆಯುರ್ವೇದ, ಸಿದ್ಧ, ಯುನಾನಿ ವೈದ್ಯಗಳ ಹೆಸರುಗಳನ್ನೂ ಸೇರಿಸಿದರು. ಬಿಡುಗಡೆ ನಡೆದದ್ದು ದೆಹಲಿಯಲ್ಲೇ. ಸಂಸ್ಕೃತದ ಹೆಸರಿಗೆ, ಸಿದ್ಧ ವೈದ್ಯರ ತಮಿಳು ಹೆಸರಿಗೆ ಲೋಕದ ಪಟ್ಟಿಯ ಬಾಗಿಲು ತೆರೆಯಿತು ಎಂದ ಮೇಲೆ, ನಮ್ಮ ಉಪಕೇಂದ್ರದ ವಹಿಗೆ ಕನ್ನಡದ ಹೆಸರು ಭಾರವಾಯಿತೇ?

ಕೇಂದ್ರ ಸರ್ಕಾರದವರು ಮಾಡಿದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. 2004ರಲ್ಲಿ ರೋಗ ಕಣ್ಗಾವಲು ಯೋಜನೆ ಆರಂಭವಾದಾಗ ಮೂರು ಬಗೆಯ ಫಾರಂ ಮಾಡಿದರು. ಹಳ್ಳಿಯ ಕಾರ್ಯಕರ್ತೆಗೆ 'ಎಸ್', ವೈದ್ಯರಿಗೆ 'ಪಿ', ಪ್ರಯೋಗಶಾಲೆಗೆ 'ಎಲ್'. ಎಸ್ ಫಾರಂ ನೋಡಿ, ಅದರಲ್ಲಿ ಬುದ್ಧಿವಂತಿಕೆ ಇದೆ. ಕಾರ್ಯಕರ್ತೆಯನ್ನು ರೋಗದ ಹೆಸರು ಕೇಳುವುದಿಲ್ಲ, ಕಂಡದ್ದನ್ನು ಕೇಳುತ್ತದೆ. ಏಳು ದಿನದೊಳಗಿನ ಜ್ವರವೇ, ಮೀರಿದ್ದೇ? ಜ್ವರದ ಜತೆ ಮೈಮೇಲೆ ಗಂದೆ ಎದ್ದಿದೆಯೇ, ರಕ್ತ ಬಂದಿದೆಯೇ, ಪ್ರಜ್ಞೆ ತಪ್ಪಿದೆಯೇ? ಕೆಮ್ಮು ಮೂರು ವಾರದೊಳಗಿನದೇ, ಮೀರಿದ್ದೇ? ನೀರುಭೇದಿಯೇ, ಕಾಮಾಲೆಯೇ, 15 ವರ್ಷದೊಳಗಿನ ಮಗುವಿನ ಕೈಕಾಲು ದಿಢೀರನೆ ಬಿದ್ದುಹೋಗಿದೆಯೇ? ಕೊನೆಗೆ, ಯಾವುದಕ್ಕೂ ಸೇರದ ವಿಚಿತ್ರ ಲಕ್ಷಣವೇ? ಈ ಕೊನೆಯ ಖಾನೆಗೆ ನನ್ನ ನಮಸ್ಕಾರ. 1957ರ ಕ್ಯಾಸನೂರಿನಲ್ಲಿ ಇಂಥ ಖಾನೆ ಇದ್ದಿದ್ದರೆ ಎಂದು ಯೋಚಿಸಿ. 2018ರ ನವೆಂಬರಿನಿಂದ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಇದನ್ನು ಕಂಪ್ಯೂಟರಿಗೆ ತಂದರು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದರು. ಕಾಗದ ಹೋಗಿ ಮೊಬೈಲು ಬಂತು. ಕಾಯಿಲೆ ಕಂಡದ್ದಕ್ಕೆ ಖಾನೆ ಇದೆ, ಸಂತೋಷ. ಕಾಯಿಲೆ ಬಾರದಂತೆ ದುಡಿದದ್ದಕ್ಕೆ ಖಾನೆ ಎಲ್ಲಿದೆ? ಅದು ಯೋಜನೆಗೊಂದರಂತೆ ಹಂಚಿಹೋಗಿದೆ.

ಇಲ್ಲೇ ಹೊಟ್ಟೆಪಾಡಿನ ಪ್ರಶ್ನೆ ಬರುವುದು. ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಇವರ ಸಂಪಾದನೆಯ ಒಂದು ಪಾಲು ಕೆಲಸದ ಲೆಕ್ಕಕ್ಕೆ ಬರುವ ಪ್ರೋತ್ಸಾಹಧನ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42 ದಿನದೊಳಗೆ ಆರು ಸಲ ಬಾಣಂತಿಯ ಮನೆಗೆ ಹೋಗಿ ಮಗುವಿನ ತೂಕ, ಹೊಕ್ಕುಳು, ಮೈಶಾಖ ನೋಡಿ ಬಂದರೆ 250 ರೂಪಾಯಿ ಎಂದು ಕೇಂದ್ರದ ನಿಯಮ. ಪಟ್ಟಿಯಲ್ಲಿ ಕೂತ ಕೆಲಸಕ್ಕೆ ದುಡ್ಡು. ಕೂರದ ಕೆಲಸ ದೇವರ ಸೇವೆ!

ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಳು ತಿಂಗಳು ಗಂಡನ ಊರಿನ ಆಶಾ ನೋಡಿಕೊಂಡಳು, ಮಾತ್ರೆ ಕೊಟ್ಟಳು, ರಕ್ತದೊತ್ತಡ ನೋಡಿಸಿದಳು. ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋದಳು. ಮಳಗಿಯವರ ನೆಂಟಸ್ತಿಕೆ ಹಾನಗಲ್ಲಿಗೂ ಇದೆ, ಹುಬ್ಬಳ್ಳಿಗೂ ಇದೆ. ತಾಲ್ಲೂಕು ಬದಲಾಯಿತು, ಜಿಲ್ಲೆ ಬದಲಾಯಿತು. ಇಂಥ ಒಂದು ಪ್ರಕರಣದಲ್ಲಿ ಇಬ್ಬರು ಆಶಾಗಳು ದುಡಿದಿದ್ದರು, ಇಬ್ಬರಿಗೂ ದುಡ್ಡು ಬರಲಿಲ್ಲ. ಒಂದು ಕಡೆ 'ವಲಸೆ' ಎಂದು ಬರೆದಿದ್ದರು, ಇನ್ನೊಂದು ಕಡೆ 'ಹೊರಗಿನವರು'. ತವರಿಗೆ ಬಂದ ಮಗಳು ಹೊರಗಿನವಳಂತೆ! ಕನ್ನಡ ಬಲ್ಲವನು ಈ ಪಟ್ಟಿ ಮಾಡಿದ್ದರೆ 'ತವರು ಹೆರಿಗೆ' ಎಂದು ಒಂದು ಖಾನೆ ಇಡದೆ ಇರುತ್ತಿದ್ದನೇ? ಬೇರೆ ಜನರ ಬಾಳನ್ನು ನೋಡಿ ಮಾಡಿದ ಖಾನೆಗಳನ್ನು ನಮ್ಮ ಭಾಷೆಗೆ ಇಳಿಸಿದರೆ ಇಂಥದ್ದೇ ಆಗುವುದು.

2025ರ ಜನವರಿಯಲ್ಲಿ ನಮ್ಮ ಆಶಾ ಅಕ್ಕತಂಗಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಸಂಬಳದ ಬೇಡಿಕೆಯನ್ನು ಪತ್ರಿಕೆಗಳು ಬರೆದವು. ಅದರ ಜತೆಗಿದ್ದ ಇನ್ನೊಂದು ದೂರು ಅಷ್ಟು ಜನರ ಕಣ್ಣಿಗೆ ಬೀಳಲಿಲ್ಲ: ಕಂಪ್ಯೂಟರಿನ ಪೋರ್ಟಲಿಗೆ ಪ್ರೋತ್ಸಾಹಧನವನ್ನು ಜೋಡಿಸಿದ್ದರಿಂದ ಮಾಡಿದ ಕೆಲಸದ ದುಡ್ಡೂ ಕೈಗೆ ಬರುತ್ತಿಲ್ಲ ಎಂಬುದು. ನಮ್ಮ ಕನ್ನಡ ಸಂಘಟನೆಗಳು ಅಂದು ಎಲ್ಲಿದ್ದವು? ಅಂಗಡಿಯ ಬೋರ್ಡಿನಲ್ಲಿ ಕನ್ನಡ ಶೇಕಡಾ 60 ಇದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುವ ನಾವು, ಅದೇ ರಸ್ತೆಯ ಆಸ್ಪತ್ರೆಯ ಫಾರಂ ಎತ್ತಿ ಓದಿದ್ದೇವೆಯೇ? ನಾನೂ ಓದಿರಲಿಲ್ಲ. ಅಚ್ಚು ಹಾಕಿದ್ದೆ, ಅಷ್ಟೇ.

ವೈದ್ಯ ಮಿತ್ರರೊಬ್ಬರು ಒಂದು ಆಕ್ಷೇಪಣೆ ಎತ್ತಿದರು. ಜನ ಇಟ್ಟ ಹೆಸರು ಯಾವಾಗಲೂ ಸರಿ ಇರುವುದಿಲ್ಲ, 'ಮಂಗನ ಕಾಯಿಲೆ' ಎಂದ ಕೂಡಲೆ ಜನ ಮಂಗನಿಗೆ ಹೆದರುತ್ತಾರೆ, ನಿಜವಾಗಿ ಹೆದರಬೇಕಾದದ್ದು ಉಣುಗಿಗೆ ಎಂದರು. ಒಪ್ಪಿದೆ. ಮಂಗವೂ ನಮ್ಮಂತೆಯೇ ಸಾಯುವ ಬಡಪಾಯಿ. ಆದ್ದರಿಂದಲೇ ಈ ಕೆಲಸ ಭಾಷಾಪಂಡಿತರ ಕೈಗೂ, ಬರೀ ವೈದ್ಯರ ಕೈಗೂ ಬಿಡುವಂಥದ್ದಲ್ಲ. ಬೆಂಗಳೂರಿನ ಕೋಣೆಯಲ್ಲಿ ಕುಳಿತು 'ಪ್ರತಿರಕ್ಷೀಕರಣ ಆಚ್ಛಾದನ ಪ್ರಮಾಣ' ಎಂದು ಬರೆಯುವ ಕನ್ನಡ ನಮಗೆ ಇಂಗ್ಲಿಷಿಗಿಂತ ದೂರ. ಇಂಥ ಪದ ಹುಟ್ಟಿಸುವವರೇ ಕನ್ನಡದ ವೈರಿಗಳಿಗೆ ಒಳ್ಳೆಯ ವಕೀಲರು. ಅಂಕಿ ಲೋಕದ್ದೇ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಅಂಕಿಯ ಎದುರಿಗೆ ಕಾರ್ಯಕರ್ತೆ ಬಾಯಲ್ಲಿ ಆಡುವ ಒಂದೇ ಒಂದು ಕನ್ನಡ ಹೆಸರು ಇರಬೇಕು, ಅದು ಬೀದರಿನಿಂದ ಚಾಮರಾಜನಗರದವರೆಗೆ ವಹಿಯಲ್ಲಿ ಬದಲಾಗಬಾರದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಯಾ ಸೀಮೆಯ ಮಾತು ಬರಲಿ. ನಮ್ಮ ಮುಂಡಗೋಡ, ಹಳಿಯಾಳ, ಜೋಯಿಡಾದ ಕಾಡಿನಲ್ಲಿ ಗೌಳಿಗರ ದಡ್ಡಿಯೂ ಇದೆ, ಸಿದ್ದಿಯರ ಕೇರಿಯೂ ಇದೆ, ಲಂಬಾಣಿ ತಾಂಡಾವೂ ಇದೆ. ಅವರ ಮನೆಯಲ್ಲಿ ಜ್ವರಕ್ಕೆ ಹೇಳುವ ಶಬ್ದ ವಹಿಯ ಬದಿಯಲ್ಲಿ ಇದ್ದರೆ ಕನ್ನಡಕ್ಕೇನೂ ಕಡಿಮೆಯಾಗುವುದಿಲ್ಲ. ಕಾರ್ಯಕರ್ತೆಗೆ ಕೇಳಲು ಅನುಕೂಲ.

ವರ್ಗೀಕರಣ ಎಂದರೆ ಗುಮಾಸ್ತರ ಕೆಲಸ ಎಂದು ಇನ್ನೂ ಯಾರಿಗಾದರೂ ಅನ್ನಿಸಿದರೆ ಇದನ್ನೂ ಕೇಳಿ. ಬಯಲುಸೀಮೆ ಎಂದು ಬರೆದರೆ 5,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡು, ಬುಡಕಟ್ಟು ಎಂದು ಬರೆದರೆ 3,000 ಜನಕ್ಕೆ ಒಂದು. ಅರ್ಧ ಮಲೆನಾಡು, ಅರ್ಧ ಬಯಲಾದ ನಮ್ಮಂಥ ತಾಲ್ಲೂಕಿನಲ್ಲಿ ಒಂದು ಶಬ್ದದ ಮೇಲೆ ಒಬ್ಬ ನರ್ಸಮ್ಮ ಬರುವುದೋ ಬಾರದಿರುವುದೋ ನಿಂತಿದೆ.

ಕಾನೂನಿನ ಕೊರತೆಯೇನೂ ಇಲ್ಲ. 1963ರ ರಾಜಭಾಷಾ ಅಧಿನಿಯಮ ಇದೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಗೆಂದು ಮಾಡಿದ 2022ರ ಅಧಿನಿಯಮವೂ ಇದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಆರೋಗ್ಯ ಇಲಾಖೆಯನ್ನು ಕರೆಸಿ ಕೂರಿಸಲಿ. ಅರಣ್ಯ, ಪಶು, ಪಂಚಾಯತ್ ಇಲಾಖೆಯವರೂ ಅದೇ ಮೇಜಿಗೆ ಬರಲಿ, ಏಕೆಂದರೆ ಸತ್ತ ಮಂಗ ನಾಲ್ವರದ್ದೂ. ಮೇಜಿನ ಸುತ್ತ ಅರ್ಧ ಕುರ್ಚಿಗಳಲ್ಲಿ ಉಪಕೇಂದ್ರದ ಸಿಸ್ಟರುಗಳು, ಆಶಾ ಕಾರ್ಯಕರ್ತೆಯರು ಕೂರಲಿ. ಅವರಿಗೆ ಆ ದಿನದ ಕೂಲಿಯನ್ನೂ ಕೊಡಲಿ. ಕರಡನ್ನು ಒಂದು ತಾಲ್ಲೂಕಿನಲ್ಲಿ ಡಿಸೆಂಬರಿನಿಂದ ಮೇವರೆಗೆ, ಉಣುಗಿನ ಕಾಲದಲ್ಲೇ, ಬರೆದು ನೋಡಲಿ. ಯಾವ ಖಾನೆ ಖಾಲಿ ಉಳಿಯಿತು, ಯಾವುದು ತುಂಬಿ ಚೆಲ್ಲಿತು, 'ಇತರೆ'ಯಲ್ಲಿ ಎಷ್ಟು ಬಿತ್ತು ಎಂದು ನೋಡಿ ತಿದ್ದಲಿ. 'ಇತರೆ' ಉದ್ದವಾದರೆ ಪಟ್ಟಿ ಮಾಡಿದವರು ಊರು ನೋಡಿಲ್ಲ ಎಂದೇ ಅರ್ಥ.

ಓದುಗರಿಗೆ ಒಂದು ಕೆಲಸ. ನಿಮ್ಮ ಊರಿನಲ್ಲಿ ಜ್ವರಕ್ಕೆ ಎಷ್ಟು ಹೆಸರುಗಳಿವೆ, ಯಾವ ಜ್ವರಕ್ಕೆ ಯಾವ ಹೆಸರು, ಎಷ್ಟು ದಿನ ಇರುತ್ತದೆ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಊರು, ತಾಲ್ಲೂಕು ಬರೆಯಲು ಮರೆಯಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಮೊದಲು ಕೇಳಿ. ಆಶಾ ಅಕ್ಕಂದಿರು ತಾವು ಮಾಡಿ, ಬರೆಯಲು ಜಾಗ ಸಿಗದ ಕೆಲಸ ಯಾವುದು ಎಂದು ಬರೆಯಲಿ, ಹೆಸರು ಹಾಕಬೇಕಾಗಿಲ್ಲ. ಬಂದದ್ದನ್ನೆಲ್ಲ ಜೋಡಿಸಿ ಪಟ್ಟಿಯಾಗಿ ಅಚ್ಚು ಹಾಕುತ್ತೇವೆ. ಕಾಗದ, ಮಸಿ, ಕೂಲಿ ಮುದ್ರಣಾಲಯದ್ದು. ಈ ಸಲ 'ಳ'ಕಾರವನ್ನು ನಾನೇ ಎರಡು ಸಲ ನೋಡುತ್ತೇನೆ.